ಜಗಲಿಯ ಮೇಲಿನ ಹಂದಿ

ಫೆಬ್ರವರಿ ಎಂಟು, ಭಾನುವಾರ. ಬೆಳಿಗ್ಗೆ ಏಳೂವರೆಗೆ ಬರೆಯಲು ಕೂತೆ. ಹೊರಗೆ ಮಂಜು ಇನ್ನೂ ಕರಗಿಲ್ಲ. ಕಾಫಿ ಕುಡಿದಾಗಿದೆ, ಎರಡು ಪೆನ್ಸಿಲ್ ಕೆತ್ತಿ ಇಟ್ಟುಕೊಂಡಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ನನಗೆ ಅಂಟಿದ್ದು ಹನ್ನೆರಡನೆಯ ವಯಸ್ಸಿನಲ್ಲಿ. ಅದರ ಹಿಂದಿನದನ್ನು ಬರೆಯಲು ಹೊರಟರೆ ತಾರೀಖು ಸಿಗುವುದಿಲ್ಲ, ಅದೇ ನನಗೆ ಕಿರಿಕಿರಿ. ಮನೆಯವರನ್ನು ಕೇಳಿದರೆ ‘ಕೈಲ್ ಮುಹೂರ್ತ ಕಳೆದ ಮೇಲೆ’, ‘ಹುತ್ತರಿಗೆ ಮೊದಲು’, ‘ಕೆಂಪು ದನ ಕರು ಹಾಕಿದ ವರ್ಷ’ ಎನ್ನುತ್ತಾರೆ. ಕೆಂಪು ದನ ಐದು ಕರು ಹಾಕಿದೆ. ಆದ್ದರಿಂದ ಈ ಅಧ್ಯಾಯದಲ್ಲಿ ಹಬ್ಬಗಳೇ ನನ್ನ ಕ್ಯಾಲೆಂಡರು.

ನಮ್ಮ ಮನೆ ಕರಿಕೆಗೆ ಇಳಿಯುವ ಕಾಡುದಾರಿಯ ಮೇಲ್ಭಾಗದಲ್ಲಿ, ಗದ್ದೆಯ ಒಂದು ದಡದಲ್ಲಿತ್ತು. ಮನೆಯೆಂದರೆ ನನಗೆ ಮೊದಲು ನೆನಪಾಗುವುದು ಜಗಲಿ. ಕಂಬದಿಂದ ಕಂಬಕ್ಕೆ ಹಾಯಿಸಿದ ದಪ್ಪ ಹಲಗೆ, ಅದರ ಮೇಲೆ ಕೂತು ಕೂತು ನುಣುಪಾದ ಮೂರು ಗುಂಡಿ. ನಡುವಿನ ಗುಂಡಿ ಅಜ್ಜನದು. ಬಲಗಡೆಯದು ಕುಶಾಲಪ್ಪಜ್ಜನದು. ಕುಶಾಲಪ್ಪಜ್ಜನೆಂದರೆ ನನ್ನ ಅಜ್ಜಿಯ ಅಣ್ಣ, ಅಂದರೆ ಅಜ್ಜನ ಬಾವ. ಅವನ ಮನೆ ಗದ್ದೆಯ ಆಚೆ ದಡದಲ್ಲಿತ್ತು. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ನಾಯಿ ಮೂಗೆತ್ತುತ್ತಿತ್ತು. ಮೂರನೆಯ ಗುಂಡಿ ಆ ದಿನ ಯಾರು ಬಂದರೆ ಅವರದು. ಹೆಚ್ಚಾಗಿ ನನ್ನ ಸೋದರಮಾವ ಬೆಳ್ಯಪ್ಪ ಅಲ್ಲಿ ಕೂರುತ್ತಿದ್ದ. ಸುಂಟಿಕೊಪ್ಪದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದ ಅವನನ್ನು ಎಲ್ಲರೂ ರೈಟರ್ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದಿನ ಗೋಡೆಯಲ್ಲಿ ನಾಲ್ಕು ಗೂಟ. ಮೂರರಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳು, ನಾಲ್ಕನೆಯದರಲ್ಲಿ ಅಜ್ಜಿಯ ಜರಡಿ. ರಾಜರ ಕಾಲದಿಂದ ವಂಶಕ್ಕೆ ಬಂದ ನಮ್ಮ ಜಮ್ಮಾ ಭೂಮಿಯವರಿಗೆ ಸರ್ಕಾರ ಕೋವಿಗೆ ಲೈಸೆನ್ಸು ಕೇಳುತ್ತಿರಲಿಲ್ಲ. ಅಜ್ಜಿಯ ಜರಡಿ ಮುಟ್ಟಲು ಮಾತ್ರ ಅಪ್ಪಣೆ ಬೇಕಿತ್ತು.

ಸಂಜೆ ದನ ಕಟ್ಟಿದ ಮೇಲೆ ಜಗಲಿ ತುಂಬುತ್ತಿತ್ತು. ಬೆಲ್ಲದ ಕಾಫಿ ಬರುತ್ತಿತ್ತು, ಮಾತು ಶುರುವಾಗುತ್ತಿತ್ತು. ಆ ಮಾತಿಗೆ ಒಂದು ಕ್ರಮವಿತ್ತು. ಯಾರೂ ಬಂದು ಕೂತ ಕೂಡಲೇ ತಾನು ಹೊಡೆದದ್ದನ್ನು ಹೇಳುವಂತಿಲ್ಲ. ಮೊದಲು ನಾಯಿಗಳ ವಿಷಯ, ಆಮೇಲೆ ಗಾಳಿ, ಆಮೇಲೆ ಮದ್ದಿನ ಗುಣ, ಆಮೇಲೆ ಇನ್ನೊಬ್ಬ ತಪ್ಪಿದ್ದು. ಎಲ್ಲ ಮುಗಿದು ಕಾಫಿ ಲೋಟದ ತಳ ಕಂಡಾಗ, ಯಾರಾದರೂ ಒತ್ತಾಯಿಸಿದರೆ, ತನ್ನ ಈಡು. ಒತ್ತಾಯಿಸುವ ಕೆಲಸವನ್ನು ಸರದಿಯಂತೆ ಮಾಡುತ್ತಿದ್ದರು. ‘ತಪ್ಪಿತು’ ಎಂಬ ಪದವನ್ನು ಯಾರೂ ತಮ್ಮ ಬಗ್ಗೆ ಬಳಸಿದ್ದನ್ನು ನಾನು ಕೇಳಿಲ್ಲ. ‘ಹಂದಿಗೆ ಆಯಸ್ಸು ಇತ್ತು’ ಎನ್ನುತ್ತಿದ್ದರು. ನನಗಾಗ ಒಂಬತ್ತೋ ಹತ್ತೋ ವಯಸ್ಸು, ಎಣಿಸುವ ಹುಚ್ಚು. ಈಡು ತಪ್ಪಲು ಅವರು ಕೊಡುವ ಕಾರಣಗಳನ್ನು ಭತ್ತದ ಕೋಣೆಯ ಗೋಡೆಯಲ್ಲಿ ಇದ್ದಿಲಿನಿಂದ ಗೀಟು ಹಾಕಿ ಇಡುತ್ತಿದ್ದೆ. ಗಾಳಿ ತಿರುಗಿದ್ದಕ್ಕೆ ಒಂದು ಸಾಲು, ಮದ್ದು ತೇವವಾದದ್ದಕ್ಕೆ ಒಂದು, ನಾಯಿ ಬೊಗಳಿದ್ದಕ್ಕೆ ಒಂದು, ಪಕ್ಕದವನು ಸೀನಿದ್ದಕ್ಕೆ ಒಂದು. ಕೈ ನಡುಗಿದ್ದಕ್ಕೆಂದು ಒಂದು ಸಾಲಿನ ಜಾಗ ಬಿಟ್ಟಿದ್ದೆ. ಮುಂದೆ ಆ ಗೋಡೆಗೆ ಸುಣ್ಣ ಹೊಡೆಯುವವರೆಗೂ ಅದು ಖಾಲಿಯೇ ಇತ್ತು.

ನಮ್ಮ ಮನೆಮಾತು ಅರೆಭಾಷೆ. ಪೇಟೆಯವರ ‘ಇದೆ’ ನಮಗೆ ‘ಉಟ್ಟು’, ಅವರ ‘ಇಲ್ಲ’ ನಮಗೆ ‘ಇಲ್ಲೆ’, ಯಾರೋ ಹೇಳಿದ್ದು ಎನ್ನಲು ಮಾತಿನ ಕೊನೆಗೊಂದು ‘ಗಡ’. ಜಗಲಿಯ ಮಾತನ್ನು ಆ ಮಾತಿನಲ್ಲಲ್ಲದೆ ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

“ಇವತ್ತು ನಿನ್ನ ಕೋವಿ ಎಂತಕೆ ಕೆಮ್ಮಿತ್ತ್ ಬಾವ?” ಎಂದು ಕುಶಾಲಪ್ಪಜ್ಜ ಶುರು ಮಾಡುತ್ತಿದ್ದ.

“ಮದ್ದಿಗೆ ಚಳಿ ಹಿಡ್ದಿತ್ತ್,” ಎನ್ನುತ್ತಿದ್ದ ಅಜ್ಜ.

“ಮದ್ದಿಗೆ ಚಳಿ, ನಿಂಗೆ ನಿದ್ದೆ. ಹಂದಿ ನಿನ್ನ ಕಾಲ ಹತ್ರ ಬಂದ್ ನಮಸ್ಕಾರ ಮಾಡಿ ಹೋತ್ ಗಡ.”

“ಯಾರ್ ಹೇಳ್ದ್?”

“ಹಂದಿಯೇ ಹೇಳ್ತ್. ಹೋಗುವಾಗ ನನ್ನ ಹತ್ರ ಆಗಿ ಹೋತ್.”

“ಹಂಗಾರೆ ನೀ ಎಂತಕೆ ಹೊಡ್ದಿಲ್ಲೆ?”

“ಮಾತಾಡಿಕೊಂಡು ನಿಂತವರಿಗೆ ಈಡು ಹೊಡೆಯೋದು ಹೇಂಗೆ ಬಾವ? ಮರ್ಯಾದೆ ಬೇಡ್ವ?”

ಒಳಗಿನಿಂದ ಅಜ್ಜಿಯ ಸ್ವರ ಬರುತ್ತಿತ್ತು. “ಹಂದಿ ಕೊಂದದ್ದು ಸಾಕ್. ಕಡುಬು ತಣ್ಣಗೆ ಆತ್. ಧೈರ್ಯ ಇದ್ದವು ಬಂದ್ ಅದ್ನ ಕೊಲ್ಲಿ.”

ಎಲ್ಲ ಮಾತೂ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಒಂದೇ ಹಂದಿಯ ಹತ್ತಿರ. ನಾನು ಹುಟ್ಟುವ ಮೊದಲಿನ ಹಂದಿ ಅದು. ಅಜ್ಜ ಮತ್ತು ಕುಶಾಲಪ್ಪಜ್ಜ ಮೇಲಿನ ಕಾಡಿನಲ್ಲಿ ಒಂದೇ ಪೊದೆಯ ಎರಡು ಬದಿಗೆ ಕಾವಲು ನಿಂತಿದ್ದರು. ಪೊದೆ ಬಡಿಯುತ್ತಾ ಹಳು ನುಗ್ಗಿದವರು ಅಟ್ಟಿಕೊಂಡು ಬಂದ ಹಂದಿ ಇಬ್ಬರ ಮುಂದೆಯೇ ಅಡ್ಡ ಹಾಯಿತು. ಇಬ್ಬರೂ ಒಟ್ಟಿಗೆ ಹೊಡೆದರು. ಹಂದಿ ಬಿತ್ತು. ತಿರುಗಿಸಿ ನೋಡಿದರೆ ಮೈಯಲ್ಲಿ ಒಂದೇ ತೂತು. ಅಂದರೆ ಒಬ್ಬನ ಗುಂಡು ತಾಗಿದೆ, ಇನ್ನೊಬ್ಬನದು ಕಾಡಿಗೆ ಹೋಗಿದೆ. ಒಳಗಿನ ಸೀಸದ ಗುಂಡನ್ನು ತೆಗೆದು ನೋಡಿದರಾದರೂ ತಿಳಿಯಬೇಕಿತ್ತು. ತಿಳಿಯಲಿಲ್ಲ. ಕುಶಾಲಪ್ಪಜ್ಜನ ಗುಂಡಿನ ಅಚ್ಚು ಒಡೆದು ವರ್ಷವಾಗಿತ್ತು, ಅವನೂ ಅಜ್ಜನ ಅಚ್ಚಿನಲ್ಲೇ ಸೀಸ ಎರೆದುಕೊಂಡು ಬಂದಿದ್ದ. ನಮ್ಮಲ್ಲಿ ಹೊಡೆದವನಿಗೆ ಹಂದಿಯ ತಲೆ ಸಲ್ಲಬೇಕು. ಹೊಡೆದವನು ಯಾರೆಂದು ಗೊತ್ತಾಗದೆ, ಬೇಟೆಯ ಹಿರಿಯರು ಮೊದಲು ಓಡಿಹೋಗಿ ಹಂದಿಯನ್ನು ಮುಟ್ಟಿದ ಕುಶಾಲಪ್ಪಜ್ಜನಿಗೆ ತಲೆ ಕೊಟ್ಟರು. ಅದರ ಎರಡು ಕೋರೆಹಲ್ಲು ಅವನ ಜಗಲಿಯ ಕಂಬಕ್ಕೆ ಹತ್ತಿದವು. ಬಿಸಿಲು ಬಿದ್ದಾಗ ನಮ್ಮ ಜಗಲಿಗೆ ಹೊಳೆಯುವುದು ಕಾಣುತ್ತಿತ್ತು. ಅದಕ್ಕೆಂದೇ ಆ ಕಂಬಕ್ಕೆ ಹೊಡೆದದ್ದು ಎಂದು ಅಜ್ಜನ ದೂರು.

“ಓಡಿದವಂಗೆ ತಲೆ, ಹೊಡೆದವಂಗೆ ತೊಡೆ. ಒಳ್ಳೆ ನ್ಯಾಯ,” ಎನ್ನುತ್ತಿದ್ದ ಅಜ್ಜ.

“ನಿನ್ನ ಕೋವಿ ಸದ್ದಿಗೆ ಅದ್ ನೆಗಾಡಿಕೊಂಡ್ ನಿಂತಿತ್ತ್ ಬಾವ. ಆಗ ನಾ ಹೊಡ್ದೆ.”

ರೈಟರ್ ಮಾವ ನಡುವೆ ಬಾಯಿ ಹಾಕುತ್ತಿದ್ದ. “ಎರಡು ರಿಪೋರ್ಟ್ ಬಂದ್ರೆ ನಮ್ಮ ದೊರೆ ಎರಡನ್ನೂ ಹರಿದು ಬಿಸಾಕ್ತಾರೆ. ಹಂದಿ ಎಸ್ಟೇಟಿಂದು ಅಂತಾರೆ.”

ಈ ಜಗಳ ಎಷ್ಟು ಸಲ ನಡೆಯಿತೆಂದು ಎಣಿಸಲು ಹೋಗಿ ಗೋಡೆಯಲ್ಲಿ ಜಾಗ ಸಾಲದೆ ನಾನು ಬಿಟ್ಟೆ. ಹಂದಿ ಬೆಳೆಯುತ್ತಿದ್ದದ್ದನ್ನು ಮಾತ್ರ ಬಿಡಲಿಲ್ಲ. ನಾನು ಮೊದಲು ಕೇಳಿದಾಗ ಇಬ್ಬರು ಹೊತ್ತು ತಂದ ಹಂದಿ ಅದು. ಎರಡು ಮಳೆಗಾಲ ಕಳೆಯುವುದರೊಳಗೆ ಅದನ್ನು ಹೊರಲು ಆರು ಜನ ಬೇಕಾಗಿದ್ದರು.

ಅದು ಜಗಳವೆಂದು ನನಗೆ ಎಂದೂ ಅನಿಸಿರಲಿಲ್ಲ, ಊಟದ ಹಾಗೆ ದಿನವೂ ಆಗಬೇಕಾದ ಒಂದು ಕೆಲಸವೆಂದುಕೊಂಡಿದ್ದೆ. ಒಂದು ಕೈಲ್ ಮುಹೂರ್ತದಲ್ಲಿ ಅದು ನಿಜವಾದ ಜಗಳವಾಗಿಬಿಟ್ಟಿತು. ಆ ದಿನ ಕೋವಿಗಳನ್ನು ತೊಳೆದು, ಸಾಲಾಗಿ ಇಟ್ಟು, ಹೂ ಮುಡಿಸಿ ಪೂಜೆ ಮಾಡುತ್ತಾರೆ. ಊಟವಾದ ಮೇಲೆ ಊರ ಮಂದಿನಲ್ಲಿ, ಅಂದರೆ ಊರೆಲ್ಲ ಸೇರುವ ಬಯಲಿನಲ್ಲಿ, ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟಿ ಗುರಿ ಹಿಡಿಯುವ ಪಂದ್ಯ. ಅಜ್ಜನ ಸರದಿ ಬಂತು. ಹೊಡೆದ. ಕಾಯಿ ಅಲುಗಲಿಲ್ಲ. ನೂರು ಜನ ನಿಂತಿದ್ದರು. ಎಲ್ಲರೂ ಗಾಳಿ ನೋಡುವವರಂತೆ ಮೇಲೆ ನೋಡಿದರು. ಕುಶಾಲಪ್ಪಜ್ಜ ಸುಮ್ಮನಿರಬಹುದಿತ್ತು.

“ತೆಂಗಿನಕಾಯಿಗೆ ಕಾಲ್ ಇಲ್ಲೆ ಬಾವ. ಅದೂ ತಪ್ಪಿತ್ತಾ? ಹಂಗಾರೆ ಅವತ್ತು ಹಂದಿ ಯಾರದ್ ಅಂತ ಊರಿಗೇ ಗೊತ್ತಾತ್.”

ಊರು ನಕ್ಕಿತು. ಜಗಲಿಯ ಮೇಲೆ ಮೂರು ಜನ ನಗುವುದಕ್ಕೂ ಮಂದಿನಲ್ಲಿ ನೂರು ಜನ ನಗುವುದಕ್ಕೂ ವ್ಯತ್ಯಾಸವಿದೆ. ಅಜ್ಜ ಕೋವಿಯನ್ನು ಹೆಗಲಿಗೇರಿಸಿ, ನನ್ನ ಕೈ ಹಿಡಿದು ಮನೆಗೆ ನಡೆದ. ದಾರಿಯಲ್ಲಿ ಒಂದೇ ಮಾತು ಆಡಿದ. “ಇನ್ನು ಅವ ನನ್ನ ಜಗಲಿ ಹತ್ತುದು ಬೇಡ.”

ಕುಶಾಲಪ್ಪಜ್ಜ ಹತ್ತಲಿಲ್ಲ. ಅವನಿಗೂ ಹಠ. ಒಂದು ವಾರ ಎಲ್ಲರೂ ತಮಾಷೆ ಎಂದುಕೊಂಡರು. ತಿಂಗಳಾಯಿತು, ಎರಡಾಯಿತು. ಸಂಜೆ ಅಜ್ಜ ನಡುವಿನ ಗುಂಡಿಯಲ್ಲಿ ಒಬ್ಬನೇ ಕೂತು ಕಾಫಿ ಕುಡಿದು ಎದ್ದುಬಿಡುತ್ತಿದ್ದ. ಬೇರೆಯವರು ಬಂದರೂ ಮಾತು ಹತ್ತುತ್ತಿರಲಿಲ್ಲ. ಅಜ್ಜ ಏನು ಹೇಳಿದರೂ ಅವರು ಹೌದು ಎನ್ನುತ್ತಿದ್ದರು, ಹೌದು ಎಂದರೆ ಅಲ್ಲಿಗೆ ಮುಗಿಯಿತಲ್ಲ. ಅಜ್ಜಿಗೆ ಆಚೆ ಅಣ್ಣ, ಈಚೆ ಗಂಡ. ಕಡುಬು ಮಾಡಿದ ದಿನ ಒಂದು ಬಾಳೆ ಎಲೆಯಲ್ಲಿ ಕಟ್ಟಿ ನನ್ನ ಕೈಯಲ್ಲಿ ಗದ್ದೆಯಾಚೆ ಕಳಿಸುತ್ತಿದ್ದಳು. ಕುಶಾಲಪ್ಪಜ್ಜ ಬಿಚ್ಚುತ್ತಾ ಕೇಳುತ್ತಿದ್ದ, “ನಿಮ್ಮ ಮನೆಲಿ ಯಾರಾದ್ರೂ ಎಂತಾದ್ರೂ ಹೇಳ್ದೊ ಗೂಡೆ?” ಗೂಡೆ ಎಂದರೆ ಹುಡುಗಿ, ಹಾಗೆಯೇ ಅವರಿಬ್ಬರೂ ನನ್ನನ್ನು ಕರೆಯುತ್ತಿದ್ದದ್ದು. ಇಲ್ಲ ಎನ್ನುತ್ತಿದ್ದೆ. ಹಿಂದೆ ಬಂದರೆ ಅಜ್ಜ ಬೇರೆ ಕಡೆ ನೋಡುತ್ತಾ ಕೇಳುತ್ತಿದ್ದ, “ಆ ಕಡೆ ಎಂತ ಸುದ್ದಿ?” ಎಂತದೂ ಇಲ್ಲ ಎನ್ನುತ್ತಿದ್ದೆ. ಹುತ್ತರಿಯ ದಿನ ಕದಿರು ಕೊಯ್ದಾಗ ಎರಡು ಮನೆಯವರೂ ಹೊಡೆಯುವ ಒಂದೊಂದು ಈಡನ್ನು ಪ್ರತಿ ವರ್ಷ ಕೂಗಿ ಹೇಳಿಕೊಂಡು ಒಟ್ಟಿಗೆ ಹೊಡೆಯುತ್ತಿದ್ದರು. ಆ ವರ್ಷ ಬೇರೆ ಬೇರೆ ಹೊಡೆದರು. ಅಜ್ಜಿ ಪಾಯಸದ ಪಾತ್ರೆ ಕೆಳಗಿಟ್ಟು, “ಮುದುಕರಾಗಿ ಮಕ್ಕಳಾದೊ,” ಎಂದಳು. ಜಗಲಿ ಹೀಗೇ ಉಳಿದುಬಿಟ್ಟರೆ ಎಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಹುತ್ತರಿ ಕಳೆದು ಚಳಿ ಹೆಚ್ಚಾದಾಗ ಅಜ್ಜ ಜ್ವರ ಹಿಡಿದು ಮಲಗಿದ. ವಾರ ದಾಟಿದರೂ ಇಳಿಯಲಿಲ್ಲ. ಅಜ್ಜನಿಗೆ ಹುಷಾರಿಲ್ಲ ಎಂಬ ಸುದ್ದಿ ಸುತ್ತಲಿಗೆಲ್ಲ ಹೋಯಿತು. ಕುಶಾಲಪ್ಪಜ್ಜ ಕಷಾಯದ ಬೇರು ಕಳಿಸಿದ, ತಾನು ಬರಲಿಲ್ಲ. ಕಷಾಯವನ್ನು ಅಜ್ಜ ಕುಡಿದ, ಬೇರು ಯಾರು ಕಳಿಸಿದ್ದು ಎಂದು ಕೇಳಲಿಲ್ಲ. ಆಗ ಬಂದವನು ರೈಟರ್ ಮಾವ. ಅವನ ಎಸ್ಟೇಟಿನ ಬಿಳಿ ದೊರೆ ಸೀಮೆಗೆ, ತನ್ನ ದೇಶಕ್ಕೆ, ಹೊರಟಿದ್ದ, ಹೊರಡುವಾಗ ತನ್ನ ಜೋಡಿ ನಳಿಗೆಯ ತೋಟಾ ಕೋವಿಯನ್ನು ಮಾವನಿಗೆ ಕೊಟ್ಟಿದ್ದ.

“ಇದನ್ನ ನೋಡಿದ್ರೇ ಜ್ವರ ಇಳೀತದೆ ಮಾವ. ಫಸ್ಟ್ ಕ್ಲಾಸ್ ಗನ್. ಮದ್ದು ತುಂಬೋದು ಬೇಡ, ಗಜದ ಕೋಲು ಹಾಕಿ ಕುಟ್ಟೋದು ಬೇಡ. ಮಡಚಿ ತೋಟಾ ಹಾಕಿದ್ರೆ ಆಯ್ತು. ನಾನು ಕಾಫಿ ಪಿಕಿಂಗ್ ಮುಗಿಸಿ ಬರುವವರೆಗೆ ಇಲ್ಲೇ ಇರಲಿ.”

ಅಜ್ಜ ಹಾಸಿಗೆಯಲ್ಲೇ ಎದ್ದು ಕೂತು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡ. ಅವನ ಕೇಪಿನ ಕೋವಿಯಲ್ಲಿ ಬೆರಳಿಟ್ಟು ಎಳೆಯುವ ಕುದುರೆ ಒಂದೇ. ಇದರಲ್ಲಿ ಹಿಂದೆ ಮುಂದೆ ಎರಡು. “ಎರಡು ಕುದುರೆ ಎಂತಕೆ? ಇದೆಂತ ಸಾರೋಟ?” ಎಂದ. ನಾಲ್ಕು ತಿಂಗಳಲ್ಲಿ ಅದು ಅವನು ಆಡಿದ ಮೊದಲ ತಮಾಷೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಈಡು. ಸಾವಾದರೆ ಬೆನ್ನುಬೆನ್ನಿಗೆ ಎರಡು. (ನಾನು ಹುಟ್ಟಿದಾಗಲೂ ಒಂದು ಈಡು ಹೊಡೆದಿತ್ತಂತೆ. ಬಾಳೆಗೆ ಮಂಗ ಬಂದಿತ್ತು ಎಂದನಂತೆ ಅಜ್ಜ. ಮಂಗವನ್ನು ಕಂಡವರು ಯಾರೂ ಇಲ್ಲ.) ಎರಡು ಈಡು ಕೇಳಿದ ಕೂಡಲೇ, ಕರೆಯಲು ಆಳು ಬರುವುದನ್ನು ಕಾಯದೆ, ಸುತ್ತಲಿನವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡುತ್ತಾರೆ. ಅದಕ್ಕೇ ಮನೆಗಳ ಹತ್ತಿರ ಬೇಟೆಯಾದರೆ, ಒಬ್ಬ ಹೊಡೆದ ಮೇಲೆ ಇನ್ನೊಬ್ಬ ಎಲೆ ಅಡಿಕೆ ಜಗಿದು ಉಗುಳುವಷ್ಟು ಹೊತ್ತು ತಡೆಯಬೇಕು. ಒಬ್ಬನೇ ಇದ್ದರೆ ಈ ನಿಯಮ ತಪ್ಪುವ ಹೆದರಿಕೆಯೇ ಇಲ್ಲ. ಕೇಪಿನ ಕೋವಿಗೆ ಮತ್ತೆ ಮದ್ದು ತುಂಬುವುದರಲ್ಲಿ ಎರಡು ಸಲ ಎಲೆ ಜಗಿಯಬಹುದು.

ಮಾವ ಹೋದ ಮೂರನೆಯ ಬೆಳಿಗ್ಗೆ ನಾನು ಅಜ್ಜನಿಗೆ ಗಂಜಿ ಕೊಂಡುಹೋದೆ. ಜ್ವರ ಬಿಟ್ಟು ಹಣೆ ಬೆವರಿತ್ತು. ಹಿತ್ತಲಲ್ಲಿ ನಾಯಿ ಬೊಗಳಿತು, ಹಟ್ಟಿಯ ಹಿಂದಿನ ಗೆಣಸಿನ ಪಾತಿಯಲ್ಲಿ ಗುರುಗುಟ್ಟುವ ಸದ್ದು. ಬೆಳಕಿನಲ್ಲೇ ಹಂದಿ! ಅಜ್ಜ ಗಂಜಿಯನ್ನೂ ನನ್ನನ್ನೂ ನೋಡಿದ.

“ಅಜ್ಜಿಗೆ ಹೇಳ್‌ಬೇಡ. ನನ್ನ ಮೊಣಕೈ ಹಿಡ್ಕೊ. ನಡಿ.”

ಕಂಬಳಿ ಹೊದ್ದುಕೊಂಡೇ ಹೊರಟ. ಗೂಟದ ಮೇಲಿನ ಕೋವಿಗೆ ಮದ್ದು ತುಂಬಲು ಹೊತ್ತಿಲ್ಲ, ದೊರೆಯ ಕೋವಿಗೆ ಎರಡು ತೋಟಾ ಹಾಕಿದ. ಹಟ್ಟಿಯ ಮೂಲೆಯಿಂದ ನೋಡಿದರೆ ಹಂದಿಯ ಬೆನ್ನು ಕಪ್ಪಗೆ ಕಾಣುತ್ತಿತ್ತು. ಅಜ್ಜ ಗೋಡೆಗೆ ಹೆಗಲು ಕೊಟ್ಟು ಮುಂದಿನ ಕುದುರೆ ಎಳೆದ. ಈಡು ಹಾರಿತು. ಕೋವಿ ಹಿಂದಕ್ಕೆ ಒದ್ದಿತು. ಆ ಒದೆತಕ್ಕೆ ಬೆರಳು ಜಾರಿ ಹಿಂದಿನ ಕುದುರೆಗೆ ಬಿತ್ತು. ಎರಡನೆಯದೂ ಹಾರಿತು. ಎರಡು ಸದ್ದೂ ಒಂದರ ಬೆನ್ನಿಗೊಂದು ಗದ್ದೆ ದಾಟಿ, ಆಚೆ ಗುಡ್ಡಕ್ಕೆ ಬಡಿದು, ಹಿಂದೆ ಬಂದವು. ಹಂದಿ ಮುಗ್ಗರಿಸಿ ಕೆಳಗಿನ ಪೊದೆಗೆ ನುಗ್ಗಿತು.

ಅಜ್ಜ ಕೋವಿಯನ್ನು ನೋಡಿದ, ಆಕಾಶವನ್ನು ನೋಡಿದ. “ಹೋತ್ ಗೂಡೆ,” ಎಂದ. “ಇಡೀ ಊರಿಗೆ ಈಗ ನಾ ಸತ್ತೆ.”

“ಹೋಗಿ ಹೇಳ್ನೆ ಅಜ್ಜ?”

“ಹೇಳ್. ನಾ ಹಂದಿ ನೋಡಿಕಂಡ್ ಬನ್ನೆ. ಸತ್ತವಂಗೆ ಅಷ್ಟು ಪುರುಸೊತ್ತು ಉಟ್ಟು.”

ನಾನು ಮನೆಯ ಮುಂದಕ್ಕೆ ಓಡಿದೆ. ಅಜ್ಜಿ ಸದ್ದು ಕೇಳಿ ಜಗಲಿಗೆ ಬಂದು ಎದೆ ಹಿಡಿದುಕೊಂಡು ನಿಂತಿದ್ದಳು. ಅವಳ ಕಿವಿಯಲ್ಲಿ ಎಲ್ಲ ಹೇಳಿದೆ. ಅವಳ ಉಸಿರು ಸರಿಯಾಯಿತು. ಆಗಲೇ ಗದ್ದೆಯ ಬದುವಿನ ಮೇಲೆ ಓಡಿ ಬರುತ್ತಿದ್ದ ಒಬ್ಬ ಮನುಷ್ಯ ಕಂಡ. ತಲೆಗೆ ರುಮಾಲಿಲ್ಲ, ಒಂದು ಕಾಲಿಗೆ ಮಾತ್ರ ಮೆಟ್ಟು. ಕುಶಾಲಪ್ಪಜ್ಜ. ಬದು ಸುತ್ತಿಕೊಂಡು ಬರುವ ಬದಲು ನಡುಗದ್ದೆಗೇ ಇಳಿದ. ನಾನು ‘ಅಜ್ಜ ಬದ್ಕಿ ಉಟ್ಟು’ ಎಂದು ಕೂಗಲು ಬಾಯಿ ತೆರೆದೆ. ಅಜ್ಜಿ ನನ್ನ ರಟ್ಟೆ ಹಿಡಿದು ಕೂರಿಸಿದಳು.

“ಸುಮ್ನೆ ಕೂರ್. ನಾಲ್ಕು ತಿಂಗಳು ನಾ ಸುಮ್ನಿದ್ದೆ. ನೀ ಸ್ವಲ್ಪ ಹೊತ್ತು ಸುಮ್ನಿರ್.”

ಹೀಗೆಂದು ತಾನೂ ಕಂಬಕ್ಕೊರಗಿ ಕೂತು, ಸೀರೆಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಕುಶಾಲಪ್ಪಜ್ಜ ಜಗಲಿಯ ಮೆಟ್ಟಿಲಿಗೆ ಬಂದು, ನಾಲ್ಕು ತಿಂಗಳು ಹತ್ತದ ಆ ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಹತ್ತಿದ. ಒಳಕೋಣೆಯ ಬಾಗಿಲಿನಲ್ಲಿ ನಿಂತರೆ ಅಜ್ಜನ ಹಾಸಿಗೆ ಕಾಣುತ್ತದೆ. ಹಾಸಿಗೆಯ ಮೇಲೆ ಉದ್ದಕ್ಕೆ ಹೊದಿಕೆಗಳ ರಾಶಿ. ಅವನು ಒಳಗೆ ಹೋಗಲಿಲ್ಲ, ಹೋಗಲಾಗಲಿಲ್ಲ. ಅಜ್ಜನ ಗುಂಡಿಯ ಪಕ್ಕದ ತನ್ನ ಗುಂಡಿಯಲ್ಲಿ ಕುಸಿದು ಕೂತ. ಕಾಲಿನ ಕೆಸರು ಹಲಗೆಯಿಂದ ತೊಟ್ಟಿಕ್ಕುತ್ತಿತ್ತು.

“ಬಾವ,” ಎಂದ, ಬಾಗಿಲಿನ ಕಡೆಗೆ. “ಹಂದಿ ನಿಂದೇ ಬಾವ. ಅವತ್ತು ನನ್ನ ಗುಂಡು ಹಿಂದೆ ಇದ್ದ ನಂದಿ ಮರಕ್ಕೆ ಹೋದ್ದ್ ನಂಗೆ ಗೊತ್ತುಟ್ಟು. ಮಾರನೇ ದಿನ ಒಬ್ಬನೇ ಹೋಗಿ ನೋಡಿ ಬಂದೆ. ಸಿಪ್ಪೆ ಎದ್ದಿತ್ತ್. ಹೇಳ್‌ಬೇಕ್ ಅಂತ ಬಂದೆ, ಆಗ ನೀ ಕೂತ್ಕೊಂಡು ಎಂತೆಂತದೋ ಹೇಳಿಕೆ ಸುರು ಮಾಡ್ದೆ. ಕೇಳಿಕೆ ಚೆಂದ ಇತ್ತ್. ಒಪ್ಪಿಕೊಂಡ್ರೆ ನಾಳೆ ಸಂಜೆ ನಾ ಬಂದ್ ಎಂತ ಮಾತಾಡೋದು?”

ಅಜ್ಜಿಯ ಸೆರಗು ಅಲುಗುತ್ತಿತ್ತು. ಕುಶಾಲಪ್ಪಜ್ಜ ಅದನ್ನು ಅಳು ಎಂದುಕೊಂಡ. “ಅಳ್‌ಬೇಡ ಚಿನ್ನು,” ಎಂದು ತಂಗಿಗೆ ಹೇಳಿ ತಾನೇ ಅತ್ತ.

ಅಷ್ಟು ಹೊತ್ತಿಗೆ ಅಂಗಳ ತುಂಬಿತ್ತು. ಸುತ್ತಲಿನ ಮನೆಗಳವರು ಬಂದಿದ್ದರು. ಸೌದೆ ಕಡಿಯಲು ಕೆಲವರು ಕೊಡಲಿ ತಂದಿದ್ದರು, ಹೆಂಗಸರು ಬಾಳೆ ಎಲೆ, ಅಕ್ಕಿ ತಂದಿದ್ದರು. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ಮನೆಯ ಮೂಲೆಯಿಂದ ಅಜ್ಜ ಬಂದ. ಕಂಬಳಿ ಹೆಗಲ ಮೇಲೆ, ಕೋವಿ ಕೈಯಲ್ಲಿ, ಮೊಣಕಾಲಿಗೆ ಮುಳ್ಳು ಗೀರಿದ ಗಾಯ.

“ಇನ್ನೊಂದು ಸಲ ಹೇಳ್ ಬಾವ,” ಎಂದ. “ಜ್ವರ ಬಂದ್ ಕಿವಿ ಸರಿಯಾಗಿ ಕೇಳ್ದಿಲ್ಲೆ.”

ಯಾರೋ ಕೊಡಲಿ ಕೆಳಗೆ ಹಾಕಿದರು. ಕುಶಾಲಪ್ಪಜ್ಜ ಅಜ್ಜನನ್ನು ನೋಡಿದ, ಹಾಸಿಗೆಯ ಕಡೆ ನೋಡಿದ, ಸೆರಗು ಸರಿಸಿ ಕಣ್ಣೀರು ಬರುವಂತೆ ನಗುತ್ತಿದ್ದ ತಂಗಿಯನ್ನು ನೋಡಿದ. ಕುಪ್ಪಸದ ತೋಳಿನಿಂದ ಮುಖ ಒರೆಸಿಕೊಂಡ. ಮಾತಿನಲ್ಲಿ ಸೋಲುವವನಲ್ಲ ಅವನು.

“ಅದ್ ಸತ್ತವಂಗೆ ಹೇಳ್ದ್,” ಎಂದ. “ಬದ್ಕಿರುವವಂಗೆ ಅಲ್ಲ. ವಾಪಸ್ ತಕಂಡೆ.”

“ಊರು ಕೇಳಿತ್ತ್.”

“ಸಾವಿನ ಮನೆಲಿ ಆಡಿದ ಮಾತು ನ್ಯಾಯಕ್ಕೆ ಸಲ್ಲುದಿಲ್ಲೆ. ಯಾವ ಮರ? ತೋರ್ಸು ನೋಡುವೊ.”

“ನೀನೇ ಹೇಳ್ದಲ್ಲ, ನಂದಿ ಮರ!”

“ಕಾಡ್‌ಲಿ ಎಷ್ಟು ನಂದಿ ಮರ ಉಟ್ಟು ಗೊತ್ತುಟ್ಟಾ ನಿಂಗೆ?”

ಹೀಗೆ ಜಗಲಿಗೆ ಮಾತು ಹಿಂದೆ ಬಂತು. ಅಜ್ಜ ನಡುವಿನ ಗುಂಡಿಯಲ್ಲಿ ಕೂತ, ಬಾವ ಬಲಗಡೆ. ಇಬ್ಬರೂ ಒಬ್ಬರ ಮೇಲೊಬ್ಬರು ಮಾತು ಎಸೆಯುತ್ತಾ, ಒಂದೇ ಕಂಬಳಿಯ ಎರಡು ತುದಿ ಹೊದ್ದುಕೊಂಡಿದ್ದನ್ನು ಅವರೇ ಗಮನಿಸಲಿಲ್ಲ. ಹಂದಿ ಪೊದೆಯ ಕೆಳಗೆ ಬಿದ್ದಿತ್ತು, ಹುಡುಗರು ಹೊತ್ತು ತಂದರು. ನಮ್ಮಲ್ಲಿ ಬೇಟೆಯನ್ನು ಕೊಯ್ಯುವ ಮೊದಲು ಅಲ್ಲಿಗೆ ಬಂದು ಸೇರಿದವರಿಗೆಲ್ಲ ಪಾಲು ಕೊಡಬೇಕು. ಸಾಮಾನ್ಯವಾಗಿ ಅದು ಎಂಟು ಹತ್ತು ಜನ. ಆ ದಿನ ಅಜ್ಜನ ಸಾವಿಗೆ ಬಂದವರನ್ನು ನಾನು ಎಣಿಸಿದೆ, ಮಕ್ಕಳನ್ನು ಬಿಟ್ಟು ಅರವತ್ತೇಳು. ಸೌದೆಗೆಂದು ತಂದ ಕೊಡಲಿಯಲ್ಲೇ ಮೂಳೆ ಕಡಿದರು. ತಂದ ಬಾಳೆ ಎಲೆಗಳಲ್ಲೇ ಪಾಲು ಕಟ್ಟಿದರು. ತಂದ ಅಕ್ಕಿಯಲ್ಲಿ ಅಜ್ಜಿ ಎಲ್ಲರಿಗೂ ಕಡುಬು ಮಾಡಿದಳು, ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಹಂದಿ ಸಾರು ತಲೆಗೊಂದು ಸೌಟು. ಪಾಲು ಎಷ್ಟು ಚಿಕ್ಕದಾಯಿತೆಂದರೆ, “ಮುಂದಿನ ಸಲ ಸಾಯುವಾಗ ದೊಡ್ಡ ಹಂದಿ ಹೊಡಿ ಬಾವ,” ಎಂದ ಕುಶಾಲಪ್ಪಜ್ಜ.

ಆ ಹಂದಿಗೂ ತೂತು ಒಂದೇ ಇತ್ತು. ಎಡದ ನಳಿಗೆಯೋ ಬಲದ ನಳಿಗೆಯೋ ಎಂದು ಅವರಿಬ್ಬರು ಆ ಸಂಜೆಯೇ ಶುರು ಮಾಡಿದರು.

ಮರವನ್ನು ನೋಡಲು ಹೋದದ್ದೂ ನಿಜ. ಅಜ್ಜ ಚೇತರಿಸಿಕೊಂಡ ಮೇಲೆ ಇಬ್ಬರೂ ನನ್ನನ್ನು ಸಾಕ್ಷಿಗೆಂದು ಕರೆದುಕೊಂಡು ಆ ಹಳೆಯ ಕಾವಲಿನ ಜಾಗಕ್ಕೆ ಹತ್ತಿದರು. ಅಲ್ಲಿ ನಂದಿ ಮರ ಇರಲಿಲ್ಲ. ಬುಡ ಮಾತ್ರ ಇತ್ತು, ನಾನು ಮೂರು ಸಲ ಹೆಜ್ಜೆಯಿಟ್ಟು ದಾಟುವಷ್ಟು ಅಗಲ. ಅರಣ್ಯದವರು ಕಡಿಸಿ ಮರವನ್ನು ಹರಾಜಿಗೆ ಸಾಗಿಸಿದ್ದರು. ಇಬ್ಬರೂ ಬುಡದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಸಾಕ್ಷಿ ಸಿಗದ್ದಕ್ಕೆ ಇಬ್ಬರಲ್ಲಿ ಯಾರಿಗೂ ಬೇಸರವಾದಂತೆ ನನಗೆ ಕಾಣಲಿಲ್ಲ.

ಅಜ್ಜ ತೀರಿಕೊಂಡದ್ದು ಕಳೆದ ಕೈಲ್ ಮುಹೂರ್ತಕ್ಕೆ ಮೊದಲು. ಇದಕ್ಕೆ ನನ್ನಲ್ಲಿ ತಾರೀಖೂ ಗಂಟೆಯೂ ಇದೆ, ಇಲ್ಲಿ ಬರೆಯುವುದಿಲ್ಲ. ಈಡು ಹೊಡೆಯುತ್ತೇನೆಂದು ಕೋವಿ ತೆಗೆದುಕೊಂಡವನು ಕುಶಾಲಪ್ಪಜ್ಜ, ರೈಟರ್ ಮಾವ ಕೊನೆಗೂ ಹಿಂದೆ ಒಯ್ಯದ ಅದೇ ಜೋಡಿ ನಳಿಗೆಯದು. ಮೊದಲನೆಯದು ಹೊಡೆದ. ಎರಡನೆಯದಕ್ಕೆ ತಡವಾಯಿತು. ಎಲೆ ಅಡಿಕೆ ಜಗಿದು ಉಗುಳುವಷ್ಟು ತಡ. ದೂರದ ಮನೆಗಳವರು ಬೇಟೆ ಎಂದುಕೊಂಡು ಸುಮ್ಮನಿದ್ದರಂತೆ, ಆಳು ಕಳಿಸಿ ಹೇಳಬೇಕಾಯಿತು.

ತಿಥಿ ಕಳೆದ ಮೇಲೆ ಅವನು ಆ ಎರಡು ಕೋರೆಹಲ್ಲುಗಳನ್ನು ಕಂಬದಿಂದ ಕಿತ್ತು ತಂದು ನಮ್ಮ ಜಗಲಿಗೆ ಹೊಡೆದ. ಸಂಜೆ ಬಂದು ಬಲಗಡೆಯ ಗುಂಡಿಯಲ್ಲಿ ಕೂರುತ್ತಾನೆ. ಯಾರು ಕೇಳಿದರೂ “ಹಂದಿ ಬಾವಂದ್” ಎನ್ನುತ್ತಾನೆ. ಕೇಳಿದವರು ಹೌದು ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಕಾಫಿ ಕುಡಿದು ಎದ್ದು ಹೋಗುತ್ತಾನೆ. ಮಡಿಕೇರಿಯ ಶಾಲೆಯಲ್ಲಿ ಪಾಠ ಹೇಳುವ ನಾನು ರಜೆಗೆ ಬಂದವಳು ಇದನ್ನು ಮೂರು ಸಂಜೆ ನೋಡಿದೆ. ನಾಲ್ಕನೆಯ ಸಂಜೆ, ಅಂದರೆ ನಿನ್ನೆ, ಲೋಟ ಕೊಡುತ್ತಾ ಹೇಳಿದೆ.

“ಇಲ್ಲೆ ಅಜ್ಜ. ಆ ಹಂದಿ ನಿಮ್ದೇ. ನಮ್ಮಜ್ಜಂಗೆ ತೆಂಗಿನಕಾಯಿಯೇ ತಾಗ್ದಿಲ್ಲೆ.”

ಕುಶಾಲಪ್ಪಜ್ಜನ ಲೋಟ ಬಾಯಿಯ ಹತ್ತಿರವೇ ನಿಂತಿತು.

“ಎಂತ ಹೇಳ್ದೆ ಗೂಡೆ? ನಿಂಗೆ ಎಂತ ಗೊತ್ತುಟ್ಟು? ನೀ ಹುಟ್ಟಿದ್ದಾ ಆಗ? ನನ್ನ ಬಾವ ಹೊಡ್ದರೆ... ಕೂರ್ ಇಲ್ಲಿ. ಅವತ್ತು ಗಾಳಿ ಯಾವ ಕಡೆಯಿಂದ ಇತ್ತ್ ಅಂತ ಮೊದ್ಲು ಕೇಳ್.”

ನಾನು ಕೂತೆ. ನಡುವಿನ ಗುಂಡಿ ನನಗೆ ಸ್ವಲ್ಪ ಅಗಲವಾಯಿತು. ಒಳಗಿನಿಂದ ಅಜ್ಜಿ ಕೂಗುವವರೆಗೂ ವಾದ ಮಾಡಿದೆವು. ಈಗ ಆ ಹಂದಿಯನ್ನು ಹೊರಲು ಎಂಟು ಜನ ಬೇಕು.

ಓದುವವರಲ್ಲಿ ನನ್ನದೊಂದು ಬೇಡಿಕೆ. ಕರಿಕೆ ದಾರಿಯ ಮೇಲಿನ ಕಾಡಿನಿಂದ ಹರಾಜಿಗೆ ಹೋದ ಆ ದೊಡ್ಡ ನಂದಿ ಮರವನ್ನು ಕೊಂಡವರೋ, ಗರಗಸ ಎಳೆದವರೋ, ಅದರಲ್ಲಿ ಬಾಗಿಲು ತೊಲೆ ಮಾಡಿಸಿದವರೋ ಇದ್ದರೆ, ಹಲಗೆಯೊಳಗೆ ಒಂದು ಸೀಸದ ಗುಂಡು ಸಿಕ್ಕಿತ್ತೇ ಎಂದು ದಯವಿಟ್ಟು ತಿಳಿಸಿ. ಲೆಕ್ಕ ಪೂರ್ತಿಯಾಗದೆ ನನಗೆ ಸಮಾಧಾನವಿಲ್ಲ. ಆದರೆ ಕಾಗದವನ್ನು ನನ್ನ ಹೆಸರಿಗೇ ಬರೆಯಿರಿ. ಗದ್ದೆಯಾಚೆಯ ಮನೆಗೆ ಮಾತ್ರ ಬರೆಯಬೇಡಿ, ಅಲ್ಲಿನವರು ಕೇಳಿದರೂ ಹೇಳಬೇಡಿ.